ಇಟ್ಟಿಗೆಯ ಅಂಗಳ

ಚಾಮರಾಜನಗರದ ರೈಲು ನಂಜನಗೂಡನ್ನು ದಾಟಿದ ಮೇಲೆ ಸಿಗುವ ಕವಲಂದೆಯಲ್ಲಿ ನಮ್ಮ ಮನೆ. ಬೀದಿಯಿಂದ ಜಗಲಿಯವರೆಗೆ ಇಟ್ಟಿಗೆ ಹಾಸಿದ ದಾರಿ. ಮಳೆಗಾಲ ಕಳೆಯಿತೆಂದರೆ ಅದರ ಮೇಲೆ ಮೂರು ಬಗೆಯ ಕಲೆ: ಬಿಳಿಯ ಉಪ್ಪು, ಗಾಡಿಯ ಎಣ್ಣೆ, ಹಸಿರು ಪಾಚಿ.

ಮೂರಕ್ಕೂ ಒಂದೇ ಮದ್ದಲ್ಲ. ಉಪ್ಪು ಇಟ್ಟಿಗೆಯ ಒಡಲಿನಿಂದ ನೀರಿನೊಡನೆ ಮೇಲೆದ್ದು ಬರುವಂಥದು. ನೀರು ಸುರಿದರೆ ಮತ್ತೆ ಮೂಡೀತು. ಬಿಸಿಲಿನಲ್ಲಿ ಒಣ ಪೊರಕೆಯಿಂದ ಗುಡಿಸಬೇಕು. ಎಣ್ಣೆಯನ್ನು ಒಣ ಜೇಡಿಮಣ್ಣಿನ ಪುಡಿ ರಾತ್ರಿಯೆಲ್ಲ ಹೀರುತ್ತದೆ. ಆಸಿಡ್ ಸುರಿದರೆ ಥಳಥಳಿಸುವುದೇನೋ ನಿಜ. ಆದರೆ ಸಂದಿನ ಗಾರೆಯೂ ಕರಗಿ, ಇಟ್ಟಿಗೆಗಳು ಅಲುಗತೊಡಗುತ್ತವೆ.

ಉಪ್ಪು, ಎಣ್ಣೆಯ ಕಲೆ ತುಸು ಉಳಿದರೂ ಚಿಂತೆಯಿಲ್ಲ. ಪಾಚಿಗೆ ಮಾತ್ರ ತೆಂಗಿನ ನಾರು, ನೀರು, ರಟ್ಟೆಯ ಬಲ ಮೂರೂ ಬೇಕು. ಎಂಬತ್ತು ದಾಟಿದ ನಮ್ಮ ಅತ್ತೆಯವರು ಮುಂಜಾನೆ ಹೂ ಬಿಡಿಸಲು ನಡೆಯುವುದು ಆ ದಾರಿಯಲ್ಲೇ.