ಒಂದೇ ಕೊಡೆಯ ಪ್ರೇಮ

ಮಯೂರ್ ವಿಹಾರಿನ ನಮ್ಮ ಬಾಲ್ಕನಿಯಲ್ಲಿ ಚಳಿಗಾಲದ ಬಿಸಿಲು ಕಾಯಿಸಿಕೊಳ್ಳುತ್ತ, ಊರಿನಿಂದ ಬಂದವರು ತಂದುಕೊಟ್ಟ ಹೊಸ ಪ್ರಣಯ ಕಾದಂಬರಿಯೊಂದನ್ನು ಮೊನ್ನೆ ನಾವು ಗಂಡಹೆಂಡಿರು ಓದಿ ಮುಗಿಸಿದೆವು. ನಾಯಕ ಸುಂದರ, ಸಿರಿವಂತ; ನಾಯಕಿ ಸುಂದರಿ, ಸುಶೀಲೆ. ಮಳೆಯಲ್ಲಿ ಇಬ್ಬರಿಗೂ ಒಂದೇ ಕೊಡೆ, ಮರುಪುಟದಲ್ಲೇ ಪ್ರೇಮ! ಅವನಿಗೆ ಅವಳೇ ಏಕೆ ಬೇಕು, ಅವಳಿಗೆ ಯಾವುದರ ಅಂಜಿಕೆ, ಕೊನೆಯವರೆಗೂ ತಿಳಿಯಲಿಲ್ಲ.

ತ್ರಿವೇಣಿಯವರ 'ಬೆಳ್ಳಿಮೋಡ' ನೆನಪಾಯಿತು. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರಷ್ಟೆ. ಇಂದಿರೆಗೆ ತಮ್ಮ ಹುಟ್ಟಿ, ಆಸ್ತಿ ಕೈತಪ್ಪುವುದೆಂದೊಡನೆ ಮೋಹನನ ಮನಸ್ಸು ತಿರುಗುತ್ತದೆ. ಅವನ ಸಣ್ಣತನವೂ ಅವಳ ನೋವೂ ನಮಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಮುಂದೇನಾದೀತೋ ಎಂದು ಎದೆ ಬಡಿದುಕೊಳ್ಳುತ್ತದೆ.

ನಮ್ಮ ಟೀಕೆ ಕೇಳಿ ಮಗಳು ನಕ್ಕಳು. "ಅಲ್ಲಮ್ಮಾ, ನನಗೆ ನೋಡಿರುವ ವರನ ವಿಷಯದಲ್ಲೂ ನೀವಿಬ್ಬರೂ ಸಂಬಳ, ಎತ್ತರ, ಮನೆ ಇಷ್ಟನ್ನೇ ಹೇಳಿದಿರಿ. ಆತ ಯಾವುದಕ್ಕೆ ನಗುತ್ತಾನೆ?"

ನಾವು ಮುಖ ಮುಖ ನೋಡಿಕೊಂಡೆವು. ನಿಶ್ಚಿತಾರ್ಥದ ಮಾತು ಸದ್ಯಕ್ಕಿರಲಿ, ಮಕ್ಕಳಿಬ್ಬರೂ ಮೊದಲು ನಾಲ್ಕು ಮಾತಾಡಿಕೊಳ್ಳಲಿ ಎಂದು ಆ ಸಂಜೆಯೇ ಹುಡುಗನ ಮನೆಗೆ ಫೋನು ಮಾಡಿದೆವು.