ಉಪ್ಪು ತಿಂದ ಬಾಗಿಲು

ಶಾಲೆಗೆ ಸೇರುವ ಮೊದಲೇ ನನಗೆ ಒಂದರಿಂದ ಹನ್ನೊಂದರವರೆಗೆ ಅಂಕಿ ಬರುತ್ತಿತ್ತು. ಕಲಿಸಿದ್ದು ಅಂಕೋಲಾ ಪೇಟೆಯ ನಮ್ಮ ಕಿರಾಣಿ ಅಂಗಡಿಯ ಬಾಗಿಲು. ಬಾಗಿಲೆಂದರೆ ಹನ್ನೊಂದು ಹಲಗೆಗಳು, ಪ್ರತಿಯೊಂದರ ಮೇಲೂ ಡಾಂಬರಿನಲ್ಲಿ ಬರೆದ ಒಂದೊಂದು ಅಂಕಿ. ರಾತ್ರಿ ಅಂಗಡಿ ಮುಚ್ಚುವಾಗ ನಾನು ಒಂದೊಂದೇ ಹಲಗೆ ಎತ್ತಿಕೊಡಬೇಕು, ಅಪ್ಪ ಅದನ್ನು ಮೇಲಿನ ಕೆಳಗಿನ ಗಾಡಿಗೆ ಸಿಕ್ಕಿಸಿ ಸರಿಸಬೇಕು. ಮಳೆಗಾಲದಲ್ಲಿ ಯಾವುದಾದರೂ ಹಲಗೆಯ ಬುಡ ಕೊಳೆತರೆ ಆಚಾರಿ ಬಂದು ಅದೊಂದನ್ನೇ ಬದಲಿಸಿ ಹೋಗುತ್ತಿದ್ದ. ‘ಏಳನೆಯದು ಹೋಯ್ತು, ಏಳನೆಯದು ಬಂತು’ ಎಂದು ಅಪ್ಪ ಹೊಸ ಹಲಗೆಯ ಮೇಲೆ ಏಳು ಬರೆಯುತ್ತಿದ್ದರು. ಬಹುಶಃ ಹಲಗೆಗಳೆಲ್ಲ ಬದಲಾದವು. ಆದರೂ ಅಪ್ಪನ ಮಟ್ಟಿಗೆ ಅದು ಕೊನೆಯವರೆಗೂ ಹಳೆಯ ಬಾಗಿಲೇ.

ಆ ಅಂಕಿಗಳ ದೆಸೆಯಿಂದಲೋ ಏನೋ, ನಾನು ಗಣಿತದ ಮಾಸ್ತರನಾದೆ. ಕಾರವಾರದ ಕೋಡಿಬಾಗದಲ್ಲಿ ಮನೆ ಕಟ್ಟಿಸಿ, ಪಕ್ಕದಲ್ಲಿ ಕಾರಿಗೊಂದು ಶೆಡ್ಡು ಹಾಕಿಸಿ, ಅದಕ್ಕೆ ಕಬ್ಬಿಣದ ರೋಲಿಂಗ್ ಶಟರ್ ಕೂಡ್ರಿಸಿದೆ. ಒಂಬತ್ತು ಅಡಿ ಅಗಲ, ಎಂಟು ಅಡಿ ಎತ್ತರ. ಎರಡು ಬೆರಳಿನಿಂದ ಎತ್ತಿದರೂ ಗಡಗಡನೆ ಮೇಲೇರುತ್ತಿತ್ತು. ಇನ್ನು ಜೀವಮಾನವಿಡೀ ಬಾಗಿಲಿನ ಚಿಂತೆಯಿಲ್ಲ ಎಂದುಕೊಂಡೆ. ಒಂದು ಬದಿಗೆ ಕಾಳಿ ನದಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ ಇರುವ ಊರಿನಲ್ಲಿ ಕಬ್ಬಿಣದ ಜೀವಮಾನವೆಷ್ಟು ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಕರಾವಳಿಯವರಿಗೆ ಉಪ್ಪು ಹೊಸದಲ್ಲ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ಅಂಕೋಲೆ. ಆದರೆ ಕಣ್ಣಿಗೆ ಕಾಣದ ಉಪ್ಪೊಂದಿದೆ. ತೆರೆ ಒಡೆದಾಗ ಏಳುವ ಸಣ್ಣ ಹನಿಗಳನ್ನು ಗಾಳಿ ಹೊತ್ತು ತರುತ್ತದೆ, ನೀರು ಆರಿ ಉಪ್ಪು ಕಬ್ಬಿಣದ ಮೇಲೆ ಕೂರುತ್ತದೆ. ಉಪ್ಪಿನ ಗುಣ ಅಡುಗೆಮನೆಯ ಭರಣಿ ನೋಡಿದವರಿಗೆಲ್ಲ ಗೊತ್ತು, ಅದು ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗುತ್ತದೆ. ಹೀಗಾಗಿ ಮಳೆಯಿಲ್ಲದ ದಿನವೂ ಶಟರಿನ ಮೈಮೇಲೆ ತೆಳ್ಳಗೆ ಉಪ್ಪುನೀರು ನಿಂತೇ ಇರುತ್ತದೆ, ತುಕ್ಕು ಬೆಳೆಯುತ್ತಲೇ ಇರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಪಟ್ಟಿಗಳು ಉಬ್ಬಿ, ಎರಡೂ ಬದಿಯ ಗೈಡಿನಲ್ಲಿ ಸಿಕ್ಕಿಕೊಳ್ಳತೊಡಗುತ್ತವೆ.

ನಮ್ಮ ಶಟರಿಗೂ ಇದೇ ಆಯಿತು. 2020ರಲ್ಲಿ ಬೀಗದ ರಿಪೇರಿಗೆ 400 ರೂಪಾಯಿ. ಮರುವರ್ಷ ತಳದ ಪಟ್ಟಿಗೆ ವೆಲ್ಡಿಂಗ್, 1,200. ಆಮೇಲೆ ನಾಲ್ಕು ಪಟ್ಟಿ ಬದಲಿಸಿದ್ದು 2,200. 2023ರಲ್ಲಿ ತುಕ್ಕಿನ ಮೇಲೆಯೇ ಬಣ್ಣ ಬಳಿಸಿದ್ದು 1,800. 2024ರ ಬೇಸಿಗೆಯಲ್ಲಿ ಎರಡು ಸ್ಪ್ರಿಂಗುಗಳಲ್ಲಿ ಒಂದು ತುಂಡಾಗಿ, ಅದಕ್ಕೆ 2,400. ಪ್ರತಿ ಸಲವೂ ‘ಹೊಸದಕ್ಕೆ ಇಪ್ಪತ್ತು ಸಾವಿರ ಯಾರು ಕೊಡುತ್ತಾರೆ, ಸದ್ಯಕ್ಕೆ ಇಷ್ಟು ಸಾಕು’ ಎಂದು ಹಣ ಉಳಿಸಿದ ಸಮಾಧಾನ ನನಗೆ.

ಮಳೆ ಹಿಡಿದ ಮೇಲೆ ಇನ್ನೊಂದು ಸ್ಪ್ರಿಂಗೂ ಸೋತಿತು. ಶಟರು ಅರ್ಧಕ್ಕೆ ನಿಲ್ಲತೊಡಗಿತು. ನಾನು ಕಂಡುಕೊಂಡ ಪರಿಹಾರ ಒಂದು ಅಡಿಕೆ ದಬ್ಬೆ. ಶಟರನ್ನು ಹೆಗಲು ಕೊಟ್ಟು ಎತ್ತುವುದು, ದಬ್ಬೆ ಊರುವುದು, ಬಗ್ಗಿ ಒಳಗೆ ಹೋಗುವುದು. ಮನೆಯವರೆಲ್ಲ ಇದನ್ನು ಕಲಿತೆವು. ಪಿಯುಸಿ ಓದುವ ಮಗಳು ದಿನಾ ಬೆಳಿಗ್ಗೆ ಹೀಗೆಯೇ ತನ್ನ ಸೈಕಲ್ ಹೊರಗೆ ತರುತ್ತಿದ್ದಳು.

ಅದು ಆಗಸ್ಟ್ ತಿಂಗಳು. 7ನೆಯ ತಾರೀಖಿನ ನಡುರಾತ್ರಿ ಹೆದ್ದಾರಿಯ ಮೇಲಿನ ಹಳೆಯ ಕಾಳಿ ಸೇತುವೆ ಕುಸಿದು, ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಜೀವಂತ ಎತ್ತಿದರು ಎಂಬುದೊಂದೇ ಸಮಾಧಾನ. ಊರಲ್ಲೆಲ್ಲ ಅದೇ ಮಾತು. ನಾನೂ ಜಗುಲಿಯ ಮೇಲೆ ಕುಳಿತು, ‘ಹಳೆಯದನ್ನು ಕಾಲಕಾಲಕ್ಕೆ ನೋಡಿಕೊಳ್ಳಬೇಕು’ ಎಂದು ಬಂದವರಿಗೆಲ್ಲ ಉಪದೇಶ ಮಾಡಿದೆ. ಅದೇ ವಾರ ಒಂದು ಬೆಳಿಗ್ಗೆ ಶೆಡ್ಡಿನ ಕಡೆಯಿಂದ ಸಿಡಿಲು ಬಡಿದಂಥ ಸದ್ದು ಕೇಳಿಸಿತು. ಓಡಿಹೋದೆ. ದಬ್ಬೆ ಜಾರಿ ಶಟರು ಬಿದ್ದಿತ್ತು. ಅದರಡಿಯಲ್ಲಿ ಸೈಕಲ್ಲಿನ ಹಿಂದಿನ ಗಾಲಿ ಎಂಟರ ಅಂಕಿಯಂತೆ ತಿರುಚಿಕೊಂಡಿತ್ತು. ಮಗಳು ಒಂದು ಹೆಜ್ಜೆ ಮುಂದೆ, ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದಳು. ಅವಳು ಅಳಲಿಲ್ಲ. ನನ್ನ ಕಾಲು ಮಾತ್ರ ನಡುಗುತ್ತಿತ್ತು.

ಅಂಕೋಲೆಯಿಂದ ಪರಿಚಯದ ಮಿಸ್ತ್ರಿಯನ್ನು ಕರೆಸಿದೆ. ಅವನು ಬಂದವನೇ ದಬ್ಬೆಯನ್ನು ದೂರ ಎಸೆದ. ‘ಮಾಸ್ತರ್ರೇ, ಇದರ ತೂಕ ಅರವತ್ತು ಕಿಲೋ ಮೀರ್ತದೆ. ಅಷ್ಟನ್ನೂ ಹೊರೋದು ಮೇಲಿನ ಪೈಪಿನ ಸ್ಪ್ರಿಂಗು. ಕೆಳಗೆ ಎಳೆದಾಗ ಅದು ಬಿಗಿಯಾಗ್ತದೆ, ಎತ್ತುವಾಗ ಆ ಬಿಗಿಯೇ ಕೈಗೆ ಸಹಾಯ. ಸ್ಪ್ರಿಂಗು ಹೋದ ಶಟರಿನ ಅಡಿಗೆ ಯಾರೂ ಹೋಗಬಾರದು. ಬಿಗಿ ಇರೋ ಸ್ಪ್ರಿಂಗನ್ನು ಮನೆಯವ್ರು ಬಿಚ್ಚಲಿಕ್ಕೂ ಹೋಗಬಾರದು, ಕೈಯೇ ಹೋದೀತು’ ಎಂದ.

ರಿಪೇರಿಯೋ ಹೊಸದೋ ಎಂದು ಕೇಳಿದೆ. ಅವನು ಸುತ್ತಿಗೆಯಿಂದ ಪಟ್ಟಿಗಳನ್ನು ಮೇಲಿನಿಂದ ಕೆಳಗೆ ತಟ್ಟುತ್ತ ಬಂದ. ಮೇಲೆ ಟಣ್ ಎಂದದ್ದು ಕೆಳಗೆ ಬರುತ್ತ ಬೊದ್ದಾಯಿತು, ಮೊಣಕಾಲಿನ ಎತ್ತರದಲ್ಲಿ ಸುತ್ತಿಗೆ ತೂತು ಮಾಡಿಕೊಂಡು ಒಳಗೇ ಹೋಯಿತು. ‘ಮೈ ಗಟ್ಟಿ ಇದ್ರೆ ಸ್ಪ್ರಿಂಗು ಹಾಕಿಕೊಡ್ತಿದ್ದೆ. ಮೈಯೇ ಇಲ್ಲ’ ಎಂದ.

ಸಂಜೆ ಮಗಳು ನೋಟುಬುಕ್ಕು ತಂದು ಲೆಕ್ಕ ಶುರುಮಾಡಿದಳು. ರಿಪೇರಿಯೆಂದರೆ ಎರಡು ಸ್ಪ್ರಿಂಗು, ಎರಡು ಗೈಡು, ತಳದ ಪಟ್ಟಿ ಸೇರಿ ಹತ್ತು ಪಟ್ಟಿ. ಒಟ್ಟು 11,500, ಎರಡು ಮಳೆಗಾಲಕ್ಕೆ ಮಾತ್ರ ಮಿಸ್ತ್ರಿಯ ಭರವಸೆ. ಹೊಸದೆಂದರೆ ಸತುವಿನ ಲೇಪವಿರುವ ಜಿ.ಐ. ತಗಡಿನ ಶಟರು, ಚದರ ಅಡಿಗೆ 260 ರೂಪಾಯಿ. ಅವಳು 72 ಚದರ ಅಡಿ ಎಂದು ಬರೆದಳು. ಮಿಸ್ತ್ರಿ ನಕ್ಕು, ‘ತಂಗಿ, ಪೈಪಿಗೆ ಸುತ್ತಿಕೊಳ್ಳೋ ಒಂದು ಅಡಿ ಯಾರು ಕೊಡ್ತಾರೆ? ಒಂಬತ್ತೊಂಬತ್ಲೆ ಎಂಬತ್ತೊಂದು ಬರಿ’ ಎಂದ. 21,060 ಆಯಿತು. ಸಾಗಾಟ, ಕೂಡ್ರಿಸುವ ಕೂಲಿ 2,000 ಕೂಡಿಸಿ, ಗುಜರಿಗೆ ಹೋಗುವ ಹಳೆಯ ಕಬ್ಬಿಣದ 1,500 ಕಳೆದರೆ 21,560. ಹತ್ತು ವರ್ಷ ಬಂದೀತು, ನೋಡಿಕೊಂಡರೆ ಮಾತ್ರ ಎಂದ.

ನನ್ನ ಕಣ್ಣು 11,500ರ ಮೇಲೆಯೇ ಇತ್ತು. ಮಗಳು ಎರಡನ್ನೂ ವರ್ಷಗಳಿಂದ ಭಾಗಿಸಿದಳು. ರಿಪೇರಿಗೆ ವರ್ಷಕ್ಕೆ 5,750. ಹೊಸದಕ್ಕೆ 2,156, ವರ್ಷದ ಆರೈಕೆಗೆ 500 ಇಟ್ಟುಕೊಂಡರೂ 2,656. ಆಮೇಲೆ ಹಳೆಯ ಚೀಟಿಗಳನ್ನು ಕೂಡಿಸಿ ‘ಅಪ್ಪಾ, ಇಲ್ಲಿಯವರೆಗೆ ನೀವು ಉಳಿಸಿದ್ದು ಎಂಟು ಸಾವಿರ’ ಎಂದಳು. ಸರಳ ಬಡ್ಡಿ, ಚಕ್ರಬಡ್ಡಿ ಕಲಿಸಿ ಕೂದಲು ಬೆಳ್ಳಗಾಗಿಸಿಕೊಂಡವನಿಗೆ ಉತ್ತರ ಹೊಳೆಯಲಿಲ್ಲ. ಸೈಕಲ್ಲಿನ ಗಾಲಿ ಆ ಲೆಕ್ಕದಲ್ಲಿರಲಿಲ್ಲ. ಒಂದು ಹೆಜ್ಜೆ ಹಿಂದೆ ಉಳಿದಿದ್ದರೆ ಏನಾಗುತ್ತಿತ್ತೋ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಇನ್ನೊಂದು ಕಡೆ ವಿಚಾರಿಸಿದಾಗ ಹದಿನೇಳು ಸಾವಿರಕ್ಕೇ ಮುಗಿಸುವುದಾಗಿ ಹೇಳಿದ್ದರು. ಮಿಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ, ‘ತಗಡು ಎಷ್ಟು ಗೇಜಿಂದು?’ ಗೇಜಿನ ಅಂಕಿ ಹೆಚ್ಚಾದಷ್ಟೂ ತಗಡು ತೆಳು. 22 ಗೇಜು 18ಕ್ಕಿಂತ ತೆಳ್ಳಗೆ. ದೊಡ್ಡ ಅಂಕಿ ಕಂಡು ದೊಡ್ಡ ಮಾಲು ಎಂದುಕೊಳ್ಳುವವರು ಮೋಸಹೋಗುತ್ತಾರೆ. ಅಳತೆ, ಗೇಜು, ಲೇಪ, ಕೂಲಿ ಇವೆಲ್ಲ ಬಿಡಿಬಿಡಿಯಾಗಿ ಬರೆದಿರದ ಚೀಟಿಯನ್ನು ಇನ್ನೊಂದರ ಜೊತೆ ಹೋಲಿಸಲಾಗದು ಎಂಬುದನ್ನು ಅಂದು ಕಲಿತೆ.

ಹಳೆಯದನ್ನೆಲ್ಲ ಕಿತ್ತೆಸೆಯಬೇಕೆಂದು ನಾನು ಹೇಳುತ್ತಿಲ್ಲ. ಅದೇ ದಿನ ಪಕ್ಕದ ಮನೆಯವರು ತಮ್ಮ ಶಟರನ್ನೂ ತೋರಿಸಿ, ಹೊಸದು ಹಾಕಿಬಿಡು ಎಂದರು. ಮಿಸ್ತ್ರಿ ಅದನ್ನೂ ತಟ್ಟಿ ನೋಡಿ, ‘ಮೈ ಚಲೋ ಇದೆ, ಸ್ಪ್ರಿಂಗು ಸಾಕು’ ಎಂದ. ಕೈಗೆ ಬಂದ ಇಪ್ಪತ್ತು ಸಾವಿರದ ಕೆಲಸವನ್ನು ತಾನೇ ಬಿಟ್ಟುಕೊಟ್ಟ. ಅಪ್ಪನ ಹಲಗೆ ಬಾಗಿಲಿನ ಧರ್ಮವೂ ಅದೇ. ಕೊಳೆತದ್ದನ್ನು ಕೊಳೆತಾಗಲೇ ಬದಲಿಸಿದರೆ ಉಳಿದದ್ದು ಉಳಿಯುತ್ತದೆ. ನಾನು ಮಾಡಿದ್ದು ರಿಪೇರಿಯೇ ಅಲ್ಲ, ಮುಂದೂಡಿಕೆ.

ಹೊಸ ಶಟರು ಕೂಡ್ರಿಸಿ ಹೊರಡುವಾಗ ಮಿಸ್ತ್ರಿ ಆರೈಕೆ ಹೇಳಿಕೊಟ್ಟ. ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ, ಆದರೆ ಕಡಲ ಬದಿಯಲ್ಲಿ ಅದೂ ಬೇಗ ಸವೆಯುತ್ತದೆ. ಗೈಡಿಗೆ ದಪ್ಪ ಗ್ರೀಸು ಹಚ್ಚಿದರೆ ಮರಳು ಅಂಟುತ್ತದೆ, ಒರೆಸಿ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಎಲ್ಲಕ್ಕಿಂತ ಮುಖ್ಯ, ಹದಿನೈದು ದಿನಕ್ಕೊಮ್ಮೆ ಬಾವಿಯ ಸಿಹಿನೀರಿನಲ್ಲಿ ತೊಳೆದು, ಕೂತ ಉಪ್ಪನ್ನು ಇಳಿಸಬೇಕು.

ಈಗ ಎರಡು ವಾರಕ್ಕೊಮ್ಮೆ ಭಾನುವಾರ ಮಗಳು ಪೈಪು ಹಿಡಿಯುತ್ತಾಳೆ, ನಾನು ಬಟ್ಟೆ ಹಿಡಿಯುತ್ತೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಆಯಿ ಹೇಳುತ್ತಿದ್ದಳು. ನಮ್ಮ ಬಾಗಿಲು ದಿನಾ ಉಪ್ಪು ತಿನ್ನುತ್ತದೆ. ನೀರು ಕುಡಿಸುವ ಕೆಲಸ ನಮ್ಮದು.