ಪುಷ್ಪಗಿರಿಯ ಮೇಲೆ ಬಂದ ಚೀನಾದ ಓಟಿಪಿ

ಹಳೇಬೀಡಿಗೆ ಬರೋರು ಶಿಲ್ಪ ನೋಡೋಕೆ ಬರ್ತಾರೆ. 2025ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ನಾನು ನಮ್ಮೂರಿನ ಪುಷ್ಪಗಿರಿ ಬೆಟ್ಟ ಹತ್ತಿದ್ದು ಮಾತ್ರ ಒಂದು ಎಸ್ಸೆಮ್ಮೆಸ್ಸಿಗಾಗಿ. ಜೇಬಿನಲ್ಲಿ ಎರಡು ಫೋನ್. ಒಂದರಲ್ಲಿ ನಮ್ಮ ಸಿಮ್, ಇನ್ನೊಂದರಲ್ಲಿ ಚೀನಾದ ಸಿಮ್. ಆ ಎರಡನೇ ಫೋನಿಗೆ ಆರು ಅಂಕಿಯ ಓಟಿಪಿ ಬರದಿದ್ದರೆ ನನಗೆ ಸುಮಾರು ಒಂದೂ ಕಾಲು ಲಕ್ಷ ರೂಪಾಯಿ ನಷ್ಟ.

ಮೊದಲಿಂದ ಹೇಳ್ತೀನಿ. 2022ರ ಅಕ್ಟೋಬರ್‌ನಲ್ಲಿ ಶೆನ್‌ಜೆನ್‌ನ ಒಂದು ಕಂಪನಿಗೆ ಕೆಲಸಕ್ಕೆ ಹೋದೆ. ಅದಕ್ಕೂ ಮುಂಚೆ ಸುಮಾರು ಎರಡು ವರ್ಷ ಭಾರತೀಯರಿಗೆ ಅಲ್ಲಿನ ಬಾಗಿಲು ಮುಚ್ಚಿತ್ತು, ತೆರೆದ ಕೂಡಲೇ ಹೋದವರಲ್ಲಿ ನಾನೂ ಒಬ್ಬ. 2024ರ ಆಗಸ್ಟ್ ಕೊನೆಗೆ ವಾಪಸ್ ಬಂದೆ. ಅಪ್ಪನಿಗೆ ಮಂಡಿ ನೋವು, ಹೊಲದಲ್ಲಿ ಶುಂಠಿ, ಬೆಂಗಳೂರಿನ ಕಂಪನಿಯೊಂದು ಮನೆಯಿಂದಲೇ ಕೆಲಸ ಮಾಡು ಅಂದಿತು. ಹೊರಡುವಾಗ ಬಾಡಿಗೆ ಮನೆ ಬಿಟ್ಟೆ, ಬ್ಯಾಂಕ್ ಖಾತೆ ಮುಚ್ಚಿಸಿ ದುಡ್ಡು ಊರಿಗೆ ಕಳಿಸಿದೆ, ಸೈಕಲ್ ಮಾರಿದೆ. ಎಲ್ಲ ಲೆಕ್ಕ ಚುಕ್ತಾ ಆಯ್ತು ಅಂತ ಅಂದುಕೊಂಡೆ.

ಒಂದು ವರ್ಷ ಕಳೆದ ಮೇಲೆ ಹಾಸನದ ಆಡಿಟರ್ ಹತ್ತಿರ ಕೂತಾಗ ಗೊತ್ತಾಯ್ತು, ಚುಕ್ತಾ ಆಗಿರಲಿಲ್ಲ.

ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಚೀನಾದ್ದು ಜನವರಿಯಿಂದ ಡಿಸೆಂಬರ್. ನಾನು 2024ರಲ್ಲಿ ಅಲ್ಲಿ ಎಂಟು ತಿಂಗಳು ಇದ್ದೆ. ಒಂದು ವರ್ಷದಲ್ಲಿ 183 ದಿನ ದಾಟಿದರೆ ಅವರ ಲೆಕ್ಕದಲ್ಲಿ ನಾವು ನಿವಾಸಿ. ಇಲ್ಲಿಗೆ ಬಂದ ಮೇಲೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಏಳು ತಿಂಗಳು ಹಳೇಬೀಡಿನಲ್ಲಿದ್ದೆ. ನಮ್ಮಲ್ಲಿ 182 ದಿನ ಸಾಕು, ಇಲ್ಲೂ ನಿವಾಸಿ. ಹೊರಗಿದ್ದದ್ದು ಬರೀ ಎರಡು ವರ್ಷ ಆದ್ದರಿಂದ, ಬಹಳ ವರ್ಷ ಹೊರಗಿದ್ದು ಬಂದವರಿಗೆ ಸಿಗುವ ರಿಯಾಯಿತಿಯೂ ನನಗಿಲ್ಲ. ಅಂದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಶೆನ್‌ಜೆನ್‌ನಲ್ಲಿ ದುಡಿದ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು, ಇಲ್ಲಿನ ದರದಲ್ಲಿ ತೆರಿಗೆ ಕಟ್ಟಬೇಕು. ಚೀನಾದಲ್ಲಿ ಅದಕ್ಕೆ ಆಗಲೇ ಕತ್ತರಿ ಬಿದ್ದಿತ್ತಲ್ಲ ಅಂದೆ. ‘ಬಿದ್ದಿದ್ರೆ ದಾಖಲೆ ಕೊಡಿ, ಅಷ್ಟು ಕಳೀತೀವಿ. ಭಾರತ ಚೀನಾ ನಡುವೆ 1994ರಿಂದಲೇ ಒಪ್ಪಂದ ಇದೆ. ಫಾರಂ 67 ತುಂಬೋಣ’ ಅಂದರು ಆಡಿಟರ್. ದಾಖಲೆ ಇಲ್ಲದಿದ್ದರೆ ಅದೇ ಸಂಬಳಕ್ಕೆ ಎರಡು ಸಲ ತೆರಿಗೆ. ರಿಟರ್ನ್ ಸಲ್ಲಿಸಲು ಆಗ ಸೆಪ್ಟೆಂಬರ್ 15 ಕೊನೇ ದಿನ.

ದಾಖಲೆ ಇರುವುದು ಚೀನಾ ತೆರಿಗೆ ಇಲಾಖೆಯ ಆಪ್‌ನಲ್ಲಿ. ಡ್ರಾಯರ್‌ನಿಂದ ಹಳೇ ಫೋನ್ ತೆಗೆದು ಚಾರ್ಜಿಗೆ ಹಾಕಿ ಆಪ್ ತೆರೆದರೆ, ನಿಮ್ಮ ನಂಬರಿಗೆ ಕೋಡ್ ಕಳಿಸಿದ್ದೇವೆ ಅಂತ ಬಂತು. ಎಲ್ಲಿಗೆ ಕಳಿಸಿದರೋ! ಸಿಮ್ ಉಸಿರಾಡುತ್ತಲೇ ಇರಲಿಲ್ಲ.

ಪುಣ್ಯಕ್ಕೆ ಹೊರಡುವ ಮುಂಚೆ ಅಲ್ಲಿನ ಗೆಳತಿಯೊಬ್ಬಳು ನನ್ನ ನಂಬರನ್ನು ತಿಂಗಳಿಗೆ 8 ಯುವಾನ್‌ನ ಅಗ್ಗದ ಪ್ಲಾನಿಗೆ ಹಾಕಿಸಿದ್ದಳು. ನಂಬರ್ ಜೀವ ಹಿಡಿದಿರಲಿ ಅಂತಲೇ ಜನ ಬಳಸುವ ಪ್ಲಾನ್ ಅದು. ನಾನು ಅದರಲ್ಲಿ ಬಿಟ್ಟಿದ್ದ ಬಾಕಿ ಖಾಲಿಯಾಗಿ ನಂಬರ್ ಮಲಗಿತ್ತು, ಸತ್ತಿರಲಿಲ್ಲ. ಅವಳಿಗೆ ಹೇಳೋದು ಹೇಗೆ? ಚೀನಾದಲ್ಲಿ ಬದುಕೆಲ್ಲ ವೀಚಾಟ್. ನಮ್ಮಲ್ಲಿ 2020ರ ಜೂನ್‌ನಲ್ಲೇ ಟಿಕ್‌ಟಾಕ್ ಜೊತೆ ನಿಷೇಧವಾದ 59 ಆಪ್‌ಗಳಲ್ಲಿ ಅದೂ ಒಂದು. ಕೊನೆಗೆ ಈಮೇಲ್ ಮಾಡಿದೆ, ತಾತನ ಕಾಲದ ಕಾಗದದ ಹಾಗೆ ಮೂರು ದಿನ ಕಾದೆ. ಉತ್ತರ ಬಂತು: ದುಡ್ಡು ಹಾಕಿದ್ದೇನೆ, ರೋಮಿಂಗ್ ಆನ್ ಮಾಡು.

ಆನ್ ಮಾಡಿದೆ. ನಮ್ಮ ಮನೆಯೊಳಗೆ ನಮ್ಮ ಸಿಮ್ಮಿಗೇ ಸಿಗ್ನಲ್ ಕಷ್ಟ, ಆ ಪರದೇಶಿ ಸಿಮ್ಮಿಗೆ ಎಲ್ಲಿಂದ ಸಿಗಬೇಕು? ದ್ವಾರಸಮುದ್ರ ಕೆರೆ ಏರಿ ಮೇಲೆ ಹೋದೆ, ಒಂದು ಕಡ್ಡಿ ಬಂದು ಹೋಯ್ತು. ಹೊಯ್ಸಳೇಶ್ವರದ ಹುಲ್ಲುಹಾಸಿನಲ್ಲಿ ನಿಂತೆ, ಇಲ್ಲ. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೂ ಹೋದೆ. ಅಲ್ಲಿನ ಕಪ್ಪು ಕಂಬಗಳು ಎಷ್ಟು ನುಣುಪು ಅಂದರೆ ನಮ್ಮ ಮುಖ ಕಾಣುತ್ತೆ. ಸಿಗ್ನಲ್ ಹುಡುಕುತ್ತಾ ಎರಡು ಫೋನ್ ಎತ್ತಿ ಹಿಡಿದ ನನ್ನ ಪ್ರತಿಬಿಂಬ ನೋಡಿ ನನಗೇ ನಗು ಬಂತು. 1133ರ ಕಂಬ ಅದು, ಎಂತೆಂಥವರ ಮುಖ ನೋಡಿದೆಯೋ.

ಬಸದಿಯಿಂದ ವಾಪಸ್ ಬರುವಾಗ ಮ್ಯೂಸಿಯಂಗೆ ಸುಮ್ಮನೆ ಹೊಕ್ಕೆ. (ನೀವು ಬರೋದಾದ್ರೆ ಶುಕ್ರವಾರ ಬಿಟ್ಟು ಬನ್ನಿ, ಅವತ್ತು ಮ್ಯೂಸಿಯಂಗೆ ರಜಾ. ಅರಸೀಕೆರೆವರೆಗೆ ರೈಲು, ಅಲ್ಲಿಂದ ಜಾವಗಲ್ ಮೇಲೆ ಬಸ್ಸು. ತೆಂಗಿನ ತೋಟ ನೋಡ್ತಾ ಬರೋದಕ್ಕೆ ಈ ದಾರಿಯೇ ಚೆಂದ.) ಚಿಕ್ಕಂದಿನಿಂದ ನೋಡಿದ ಶಾಸನದ ಕಲ್ಲುಗಳೇ. ಆದರೆ ತಲೆ ತುಂಬ ತೆರಿಗೆ ಇದ್ದಾಗ ಅವು ಬೇರೆ ಥರ ಕಾಣ್ತವೆ. ಶಾಲೆಯಲ್ಲಿ ನಮಗೆ ಹೊಯ್ಸಳರು ಅಂದರೆ ಹುಲಿ ಕೊಂದ ಸಳ, ಬೇಲೂರಿನ ಶಿಲಾಬಾಲಿಕೆ, 1121ರ ಹೊತ್ತಿಗೆ ಶುರುವಾದ ಹೊಯ್ಸಳೇಶ್ವರ. ಶಾಸನ ಓದುವವರನ್ನು ಕೇಳಿ, ಅವುಗಳಲ್ಲಿ ಬಹಳಷ್ಟು ಲೆಕ್ಕಪತ್ರವೇ. ಇಷ್ಟು ಖಂಡುಗ ಗದ್ದೆ, ಇಷ್ಟು ಗದ್ಯಾಣ ಸಿದ್ಧಾಯ, ದೇವರ ದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ, ಈ ಊರಿಗೆ ಸುಂಕ ಮಾಫಿ. ಸುಂಕದ ಹೆಗ್ಗಡೆ ಅಂತ ಹುದ್ದೆಯೇ ಇತ್ತು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಶಿಲ್ಪದ ಮುಂದೆ ಸೆಲ್ಫಿ ತೆಗೀತಾರೆ, ಈ ಕಲ್ಲುಗಳ ಮುಂದೆ ಯಾರೂ ನಿಲ್ಲಲ್ಲ.

ಅವುಗಳ ಪೈಕಿ ನನಗೆ ತುಂಬ ಇಷ್ಟವಾದ ಕಥೆ ಈ ಮ್ಯೂಸಿಯಂನದ್ದಲ್ಲ, ಆದರೆ ಇದೇ ಅರಮನೆಯದು. 1279ರಲ್ಲಿ ಮೂರನೇ ನರಸಿಂಹ ಒಂದು ದತ್ತಿ ಬಿಟ್ಟ. ಕಾಶಿ ಆಗ ಅವನ ಕೈಯಲ್ಲಿರಲಿಲ್ಲ, ತುರುಕರ ಆಳ್ವಿಕೆಯಲ್ಲಿತ್ತು. ಅಲ್ಲಿಗೆ ಹೋದ ಯಾತ್ರಿಕರು ತೆರಿಗೆ ಕಟ್ಟಬೇಕಿತ್ತು. ಆ ತೆರಿಗೆಗೆ ಅಂತಲೇ ಒಂದು ಊರಿನ ವರ್ಷದ ಹುಟ್ಟುವಳಿ, 645 ನಿಷ್ಕ, ಮೀಸಲಿಟ್ಟ. ಕನ್ನಡದವರಿಗೆ ಮಾತ್ರವಲ್ಲ, ತೆಲುಗು, ತುಳು, ಮಲೆಯಾಳ ನಾಡಿನವರಿಗೂ. ಹೊರನಾಡಿನಲ್ಲಿ ಬೀಳುವ ತೆರಿಗೆಗೆ ಸ್ವಂತ ಊರಿಂದ ಒಂದು ಏರ್ಪಾಟು ಬೇಕು ಅಂತ ಸುಮಾರು 750 ವರ್ಷದ ಹಿಂದೆ ದೋರಸಮುದ್ರದಲ್ಲಿ ಕೂತವರಿಗೆ ಹೊಳೆದಿತ್ತು. ನನಗೆ ಶೆನ್‌ಜೆನ್ ವಿಮಾನ ಹತ್ತುವಾಗ ಹೊಳೆದಿರಲಿಲ್ಲ.

ಮರುದಿನ ಬೆಳಗ್ಗೆ ಪುಷ್ಪಗಿರಿ. ಊರಿಂದ ಎರಡು ಮೂರು ಕಿಲೋಮೀಟರ್, ಮೇಲೆ ಮಲ್ಲಿಕಾರ್ಜುನನ ಗುಡಿ. ಚೀನಾ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿ ಕಚೇರಿ ಶುರುವಾಗಿರುವ ಹೊತ್ತಿಗೆ ಹೋದೆ, ಏನಾದರೂ ಎಡವಟ್ಟಾದರೆ ಗೆಳತಿಗೆ ಬರೆಯಬಹುದು ಅಂತ. ಮೆಟ್ಟಿಲ ಹತ್ತಿರ ಎರಡು ಕಡ್ಡಿ ಸಿಗ್ನಲ್. ಕೋಡ್ ಕೇಳಿದೆ. ಒಂದು ನಿಮಿಷ. ಎರಡು ನಿಮಿಷ. ಮತ್ತೆ ಕೇಳಿದೆ. ಪೂಜಾರಪ್ಪನವರು ‘ಯಾರಿಗಪ್ಪಾ ಅಷ್ಟೊತ್ತಿಂದ ಫೋನು?’ ಅಂದರು. ತೆರಿಗೆಯವರಿಗೆ ಅಂದೆ. ‘ಓಹೋ, ಹಂಗಾದ್ರೆ ಮೊದ್ಲು ಒಳಗೆ ಬಾ’ ಅಂತ ಮಂಗಳಾರತಿ ಕೊಟ್ಟರು. ಹೊರಗೆ ಬಂದರೆ ಒಟ್ಟಿಗೆ ಮೂರು ಮೆಸೇಜ್ ಬಂದಿದ್ದವು, ಮೊದಲೆರಡು ಹಳಸಿದ್ದವು. ಮೂರನೆಯದು ನಡೆಯಿತು.

ಆಪ್‌ನಲ್ಲಿ ನನ್ನ ಎಂಟು ತಿಂಗಳು ಸಾಲಾಗಿ ನಿಂತಿದ್ದವು. ಅಲ್ಲಿ ತೆರಿಗೆ ತಿಂಗಳಿಂದ ತಿಂಗಳಿಗೆ ಕೂಡಿಸಿಕೊಂಡು ಹೋಗುತ್ತೆ: ಜನವರಿಯಲ್ಲಿ 3 ಪರ್ಸೆಂಟ್, ಬರಬರುತ್ತಾ 10, ಜುಲೈ ಹೊತ್ತಿಗೆ 20. ಒಟ್ಟು 19,080 ಯುವಾನ್ ಕತ್ತರಿಸಿದ್ದರು. ಅದರ ಕೆಳಗೇ ಇನ್ನೊಂದು ಆಘಾತ, ಸಿಹಿಯಾದದ್ದು. ವರ್ಷಕ್ಕೆ 60,000 ಯುವಾನ್‌ಗೆ ತೆರಿಗೆ ಇಲ್ಲ, ಎಂಟೇ ತಿಂಗಳು ದುಡಿದರೂ ಅಷ್ಟೂ ಸಿಗುತ್ತೆ. ಕಂಪನಿ ಕಳೆದದ್ದು ತಿಂಗಳಿಗೆ 5,000ದಂತೆ 40,000 ಮಾತ್ರ. ಅಂದರೆ ನನ್ನ ನಿಜವಾದ ತೆರಿಗೆ 15,080. ಮಿಕ್ಕ 4,000 ಯುವಾನ್ ಚೀನಾ ಸರ್ಕಾರ ನನಗೇ ಕೊಡಬೇಕು! ಮಾರ್ಚ್ 1ರಿಂದ ಜೂನ್ 30ರೊಳಗೆ ವಾರ್ಷಿಕ ಲೆಕ್ಕ ಸಲ್ಲಿಸಿದ್ದರೆ ಆಗಲೇ ಬಂದಿರುತ್ತಿತ್ತು.

ತಡವಾದರೂ ಕೇಳಬಹುದು, ಮೂರು ವರ್ಷದವರೆಗೆ ಅವಕಾಶ ಇದೆ. ಕೇಳಿದೆ. ಅದು ತಿರುಗಿ ಕೇಳಿತು: ನಿಮ್ಮ ಹೆಸರಿನಲ್ಲಿ ಚೀನಾದಲ್ಲಿರುವ ಬ್ಯಾಂಕ್ ಖಾತೆ ಯಾವುದು? ನಾನು ಬಹಳ ಶಿಸ್ತಿನಿಂದ, ಸರತಿಯಲ್ಲಿ ನಿಂತು, ಮುಚ್ಚಿಸಿ ಬಂದಿದ್ದ ಅದೇ ಖಾತೆ. ಗೆಳತಿಯ ಖಾತೆಗೆ ಹಾಕಿಸೋಣ ಅಂದರೆ ಬೇರೆಯವರ ಖಾತೆ ಆಗಲ್ಲ. ಆದ್ದರಿಂದ ಅಲ್ಲಿಂದ ಹೊರಡುತ್ತಿರುವವರಿಗೆ ನನ್ನ ಮಾತು ಇಷ್ಟೇ. ಕೊನೇ ವರ್ಷದ ಲೆಕ್ಕ ಮುಗಿಯುವವರೆಗೆ ಖಾತೆ ಮತ್ತು ಸಿಮ್ ಎರಡನ್ನೂ ಜೀವಂತ ಇಟ್ಟುಕೊಳ್ಳಿ. ಇಲ್ಲಿಗೆ ಬಂದ ಮೇಲಿನ ಬೆಂಗಳೂರಿನ ಸಂಬಳವನ್ನೂ ಚೀನಾ ಕೇಳುತ್ತಾ ಅಂತ ಹೆದರಬೇಡಿ, ಸತತ ಆರು ವರ್ಷ ಅಲ್ಲಿ ನಿವಾಸಿಯಾಗಿದ್ದವರಿಗೆ ಮಾತ್ರ ಆ ಪ್ರಶ್ನೆ ಏಳೋದು.

ಆ ದಿನ ಮಧ್ಯಾಹ್ನವೇ ಕ್ಯೂಆರ್ ಕೋಡ್ ಇರುವ ತೆರಿಗೆ ದಾಖಲೆ ಇಳಿಸಿಕೊಂಡು ಹಾಸನಕ್ಕೆ ಹೋದೆ. ಆಡಿಟರ್ ಮೇಡಂ ಅದನ್ನು ತಲೆಕೆಳಗೆ ಹಿಡಿದು ನೋಡಿದರು, ತಮಾಷೆಗಲ್ಲ. ಒಂದೊಂದು ಸಾಲಿಗೂ ಪೆನ್ಸಿಲ್‌ನಲ್ಲಿ ತಿಂಗಳ ಹೆಸರು ಬರೆದುಕೊಟ್ಟೆ. ತೆರಿಗೆ ಅನ್ನುವ ಚೀನೀ ಅಕ್ಷರದ ಎಡಭಾಗ ಪೈರಿನ ಚಿತ್ರ ಅಂತಲೂ ಹೇಳಿದೆ. ‘ಹಾಗಾದ್ರೆ ನಮ್ಮ ಖಂಡುಗ ಕೊಳಗದವರೇ ಬಿಡಿ’ ಅಂದರು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕತ್ತರಿಸಿದ್ದರಲ್ಲಿ ಮುಂದೆ ವಾಪಸ್ ಬರಬಹುದಾದ 4,000 ಬಿಟ್ಟು, ಮಿಕ್ಕಿದ್ದನ್ನು ಸ್ಟೇಟ್ ಬ್ಯಾಂಕಿನ ದರಕ್ಕೆ ರೂಪಾಯಿ ಮಾಡಿ ಫಾರಂ 67ರಲ್ಲಿ ತುಂಬಿದರು. ನಮ್ಮ ದರ ಜಾಸ್ತಿ ಆದ್ದರಿಂದ ಮೇಲಿನ ವ್ಯತ್ಯಾಸ ಕೈಯಿಂದ ಕಟ್ಟಿದೆ, ಅದು ಹೊಟ್ಟೆ ಉರಿಸಿದ್ದು ನಿಜ. ಮುಚ್ಚಿಸಿದ ಖಾತೆಯನ್ನೂ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು ಅಂದರು, 2024ರಲ್ಲಿ ಅದು ಒಂದು ದಿನ ಇದ್ದರೂ ಲೆಕ್ಕಕ್ಕೆ ಬರುತ್ತೆ. ತೋರಿಸಿದೆ. (2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ, ನೀವು ತುಂಬುವಾಗ ಫಾರಂ ನಂಬರ್ ನೋಡಿಕೊಳ್ಳಿ.) ಕೊನೇ ದಿನ ಆಮೇಲೆ ಸೆಪ್ಟೆಂಬರ್ 16ಕ್ಕೆ ಹೋಯಿತು, ಅಷ್ಟರಲ್ಲಿ ನಮ್ಮದು ಮುಗಿದಿತ್ತು.

4,000 ಯುವಾನ್ ಇನ್ನೂ ಅಲ್ಲೇ ಇದೆ. ನಾನು ಹೊರಟ 2024ರ ದರದಲ್ಲಿ ನಮ್ಮ ದುಡ್ಡಿನಲ್ಲಿ ಸುಮಾರು 47 ಸಾವಿರ. ಅಮ್ಮ ಅದನ್ನು ‘ಚೀನಾದಲ್ಲಿರೋ ನಮ್ಮ ಚೀಟಿ ದುಡ್ಡು’ ಅಂತಾರೆ. 2027ರೊಳಗೆ ಒಂದು ಸಲ ಹೋಗಿ ಖಾತೆ ತೆರೆದು ತರಬೇಕು ಅಂತ ಲೆಕ್ಕ ಹಾಕಿದೆ. ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ನೇರ ವಿಮಾನ ಮತ್ತೆ ಶುರುವಾಗಿದೆ, ಟಿಕೆಟ್ಟು ವೀಸಾ ಸೇರಿದರೆ ಬರುವ ದುಡ್ಡು ಅದಕ್ಕೇ ಸರಿ. ಅಪ್ಪ ಕೇಳಿಸಿಕೊಂಡು, ‘ಹೋಗಿ ಬಾ, ಆ ಹುಡುಗಿ ನಿನ್ನ ಸಿಮ್ಮಿಗೆ ಹಾಕಿದ ದುಡ್ಡಾದ್ರೂ ವಾಪಸ್ ಕೊಟ್ಟು ಬಾ’ ಅಂದರು. ಸಿಮ್ ಈಗಲೂ ಹಳೇ ಫೋನಿನಲ್ಲಿದೆ. ತಿಂಗಳಿಗೊಮ್ಮೆ ಅದನ್ನು ಜೇಬಿಗೆ ಹಾಕಿಕೊಂಡು ಪುಷ್ಪಗಿರಿಗೆ ಹೋಗ್ತೀನಿ, ಪೂಜಾರಪ್ಪನವರು ‘ತೆರಿಗೆಯವ್ರು ಫೋನ್ ಮಾಡಿದ್ರಾ?’ ಅಂತ ಕೇಳ್ತಾರೆ.